ಮೂರನೇ ಚೀಲ

ನನ್ನದು ಅನುಮಾನದ ಸ್ವಭಾವ. ಹಾಲಿನವನು ಬಂದರೆ ಬೆರಳು ಅದ್ದಿ ಉಗುರಿನ ಮೇಲೆ ಹನಿ ನಿಲ್ಲುತ್ತದೋ ಜಾರುತ್ತದೋ ನೋಡುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ನಗುನಗುತ್ತಾ ಟಿಕೆಟ್ ಕೊಟ್ಟರೆ ಇವನು ಯಾಕೆ ನಕ್ಕ ಎಂದು ಮುಂದಿನ ಸ್ಟಾಪಿನವರೆಗೂ ಯೋಚಿಸುತ್ತೇನೆ. "ನಿಮ್ಮನ್ನ ಮೇಷ್ಟ್ರು ಮಾಡೋ ಬದ್ಲು ಪೊಲೀಸ್ ಮಾಡಬೇಕಾಗಿತ್ತು" ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಪೊಲೀಸನಾಗಿದ್ದರೆ ನಾನು ಯಾರನ್ನು ಹಿಡಿಯುತ್ತಿದ್ದೆ ಎಂದು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಹರಿದ ಅಂಗಿಯವರನ್ನೇ ಹಿಡಿಯುತ್ತಿದ್ದೆ, ಇನ್ಯಾರನ್ನು?

ಎಂಬತ್ತರ ದಶಕದ ಮೊದಲ ವರ್ಷಗಳು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಒಂದು ಹೋಬಳಿ. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾನು ಮೇಷ್ಟ್ರು. ನಮ್ಮ ಮೂಲ ಜಗಳೂರು ತಾಲ್ಲೂಕಿನ ಸೊಕ್ಕೆಯ ಹತ್ತಿರದ ಹಳ್ಳಿ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಕಂಡವರಲ್ಲಿ ನಾನೇ ಮೊದಲಿಗ. ನನಗಿಂತ ಮುಂಚೆಯೇ ನ್ಯಾಮತಿ ಸೇರಿದ್ದವನು ನನ್ನ ಚಿಕ್ಕಪ್ಪ. ಜಗಳೂರಿನ ಗೊಬ್ಬರದ ಡಿಪೋದಲ್ಲಿ ಹಮಾಲಿ ಮಾಡುತ್ತಿದ್ದವನನ್ನು ಕಂಪನಿಯವರೇ, ಆಳು ಗಟ್ಟಿ ಅಂತ, ನ್ಯಾಮತಿ ಡಿಪೋಗೆ ಕರೆದುಕೊಂಡು ಬಂದಿದ್ದರು. ಅದನ್ನು ಅವನು ತನಗೆ ಸಿಕ್ಕ ಪ್ರಮೋಷನ್ ಎಂದೇ ತಿಳಿದಿದ್ದ. "ನಮ್ ಕಂಪ್ನಿ" ಎಂದು ಬಾಯಿ ತುಂಬಾ ಹೇಳುತ್ತಿದ್ದ. ಸರ್ಕಾರಿ ನೌಕರನಾದ ನಾನು ಸರ್ಕಾರವನ್ನು ಒಂದು ದಿನವೂ ಅಷ್ಟು ಪ್ರೀತಿಯಿಂದ ನೆನೆದವನಲ್ಲ.

ಕಂಪನಿಯ ಮಿಶ್ರ ಗೊಬ್ಬರದ ಕಾರ್ಖಾನೆ ಇದ್ದದ್ದು ಚನ್ನಗಿರಿಯ ಹೊರಗೆ. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಡಿಪೋಗಳು. ಕಂಪನಿಯ ಯಜಮಾನರನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ದಪ್ಪ ಆಳು, ಬಿಳೀ ಪಂಚೆ, ಬಿಳೀ ಜುಬ್ಬ. ಏರಿದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ನಮ್ಮ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಡುತ್ತೇನೆ ಎಂದು ಅವರು ಒಪ್ಪಿದ ದಿನ ನಮ್ಮ ಹೆಡ್‌ಮಾಸ್ಟರ್ ಊಟವನ್ನೇ ಮರೆತಿದ್ದರು. ನನಗೆ ಮಾತ್ರ ಒಂದು ವಿಷಯ ಕಣ್ಣಿಗೆ ಚುಚ್ಚುತ್ತಿತ್ತು. ಸಾಹುಕಾರರು ಎದುರಿಗಿದ್ದವನ ಕಣ್ಣು ನೋಡಿ ಮಾತಾಡುತ್ತಿರಲಿಲ್ಲ, ಅವನ ಕೈ ನೋಡಿ ಮಾತಾಡುತ್ತಿದ್ದರು. ಇದನ್ನು ಹೆಡ್‌ಮಾಸ್ಟರ್‌ಗೆ ಹೇಳಿದರೆ, "ನಿಮಗೆ ತಲೆ ಕೆಟ್ಟೈತೆ ಮೇಷ್ಟ್ರೇ, ಸುಮ್ನೆ ಕೋಣೆ ಕಟ್ಟಿಸಿಕೊಳ್ರಿ" ಎಂದರು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಸವಳಂಗ ರಸ್ತೆಯ ಕಡೆಯ ರೈತರೊಬ್ಬರು ಡಿಪೋದಿಂದ ಗೊಬ್ಬರದ ಚೀಲ ಕೊಂಡು, ದಾರಿಯಲ್ಲಿ ಅಕ್ಕಿ ಗಿರಣಿಯ ತೂಕಕ್ಕೆ ಇಟ್ಟು ನೋಡಿದರು. ಐವತ್ತು ಕಿಲೋ ಇರಬೇಕಾದ ಚೀಲ ನಲವತ್ತನಾಲ್ಕು ತೋರಿಸಿತು. ಅವರು ವಾಪಸ್ ಬಂದು ಡಿಪೋದ ಮುಂದೆ ಗಲಾಟೆ ಎಬ್ಬಿಸಿದರು. ಸಂತೆಯ ದಿನ ಬೇರೆ, ಜನ ಸೇರಿತು. ಕಂಪನಿ ಕಡಿಮೆ ತುಂಬಿರಬಹುದು ಎಂದು ಆ ಜನರಲ್ಲಿ ಒಬ್ಬರಾದರೂ ಅಂದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಚೀಲದ ಬಾಯಿಗೆ ಯಂತ್ರದ ಹೊಲಿಗೆ, ಹೊಲಿಗೆಯ ಮೇಲೆ ಸೀಸದ ಮುದ್ರೆ, ಮೈಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ತೂಕ. ಅಚ್ಚಾದದ್ದು ಸುಳ್ಳಾಗುತ್ತದೆಯೇ? ಹಾಗಾಗಿ ಎಲ್ಲರ ಕಣ್ಣು ಚೀಲ ಹೊರುವವರ ಮೇಲೆ ಬಿತ್ತು. ಹಮಾಲರು ಚೀಲ ಎಳೆಯಲು ಕಬ್ಬಿಣದ ಕೊಕ್ಕೆ ಹಾಕುತ್ತಾರೆ, ಆ ತೂತಿನಿಂದ ಸುರಿಸಿಕೊಳ್ಳುತ್ತಾರೆ ಎಂದು ಡಿಪೋ ಮ್ಯಾನೇಜರ್ ವಿವರಿಸಿದ. ಜನಕ್ಕೆ ಅದು ಪಟ್ಟನೆ ಅರ್ಥವಾಯಿತು.

ಮರುದಿನದಿಂದ ಡಿಪೋದಲ್ಲಿ ಹೊಸ ಕಾನೂನು. ಕೊಕ್ಕೆ ಬಂದ್. ಸಂಜೆ ಕೆಲಸ ಬಿಟ್ಟ ಮೇಲೆ ಹಮಾಲರು ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಬೇಕು, ತಿರುವಿ ಎರಡೂ ಮಗ್ಗುಲು ತೋರಿಸಬೇಕು. ಮ್ಯಾನೇಜರ್ 'ಹೂಂ' ಎಂದ ಮೇಲೆ ಹೊಸ್ತಿಲು ದಾಟಬೇಕು. ನಮ್ಮ ಚಿಕ್ಕಪ್ಪನಿಗೆ ಇದರಿಂದ ಬೇಜಾರಾಗಲಿಲ್ಲ. "ಕಳ್ರು ಸಿಗಬೇಕು ಅಂದ್ರೆ ಹಿಂಗೇ ಮಾಡಬೇಕು. ನಮ್ಮೊಳಗೇ ಯಾವನೋ ಅದಾನೆ" ಎಂದು ಜೊತೆಯವರ ಕಡೆಗೇ ಅನುಮಾನದಿಂದ ನೋಡಿದ. ಜೊತೆಯವರೂ ಇವನನ್ನು ಹಾಗೇ ನೋಡುತ್ತಿದ್ದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಪರವೂರಿನವನು, ಕೇರಿಯವನು, ಬೇರೆ ಡಿಪೋದಿಂದ ಬಂದವನು. ಬೆರಳು ಎತ್ತ ತಿರುಗಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು.

ತಿರುಗಿಸಿದ್ದು ಒಂದು ಕುಂಬಳ ಬಳ್ಳಿ. ಚಿಕ್ಕಪ್ಪ ಬಾಡಿಗೆಗಿದ್ದ ಮನೆಯ ಹಿತ್ತಿಲಲ್ಲಿ ಚಿಕ್ಕಮ್ಮ ಒಂದು ಬಳ್ಳಿ ಹಾಕಿದ್ದಳು. ಅದು ಹೆಂಚಿನ ಮೇಲೆ ಹತ್ತಿ, ಪಕ್ಕದ ಮನೆಯ ಮಾಡಿಗೂ ಹಬ್ಬಿ, ಕಂಡಕಂಡಲ್ಲಿ ಕಾಯಿ ಬಿಟ್ಟಿತ್ತು. ಅದಕ್ಕೆ ಕಾರಣವಿತ್ತು. ಯಾವ ಮಂಡಿಯಲ್ಲೇ ಆಗಲಿ, ದಿನದ ಕೊನೆಗೆ ನೆಲ ಉಡುಗಿದಾಗ ಸಿಗುವ ಪುಡಿ ಹಮಾಲರಿಗೆ ಸೇರಿದ್ದು ಎಂಬುದು ರೂಢಿ. ಜೋಳದ ಮಂಡಿಯಾದರೆ ಜೋಳ, ಕಡಲೆಕಾಯಿಯಾದರೆ ಕಡಲೆಕಾಯಿ, ಮಣ್ಣು ಬೆರೆತದ್ದು. ಜಗಳೂರಿನಲ್ಲೂ ಇತ್ತು, ಇಲ್ಲೂ ಇತ್ತು. ಮ್ಯಾನೇಜರೇ ಎಷ್ಟೋ ಸಲ "ತಗೊಂಡ್ ಹೋಗ್ರಲೇ, ಕಾಲಿಗೆ ಹತ್ತುತೈತೆ" ಎಂದು ಕೊಟ್ಟಿದ್ದ. ಚಿಕ್ಕಪ್ಪ ಅದನ್ನು ಹಳೆಯ ಡಾಲ್ಡಾ ಡಬ್ಬಿಯಲ್ಲಿ ತಂದು ಬಳ್ಳಿಯ ಬುಡಕ್ಕೆ ಹಾಕುತ್ತಿದ್ದ. ಈಗ ಮ್ಯಾನೇಜರ್ ಇಬ್ಬರು ವರ್ತಕರನ್ನು ಕರೆದುಕೊಂಡು ಬಂದು, ಬಳ್ಳಿಯನ್ನು ತೋರಿಸಿ, ಡಬ್ಬಿಯನ್ನು ಎತ್ತಿಕೊಂಡು ಹೋದ. ಬಳ್ಳಿಯೇ ಸಾಕ್ಷಿ ಹೇಳಿತು.

"ನಾಳೆಯಿಂದ ಕೆಲಸಕ್ಕೆ ಬರಬ್ಯಾಡ. ಸಾವ್ಕಾರ್ರ ಸಮಾರಂಭ ಮುಗೀಲಿ, ಆಮ್ಯಾಲೆ ಸ್ಟೇಷನ್‌ಗೆ ಹೋಗಾನ" ಎಂದ ಮ್ಯಾನೇಜರ್. ಒಮ್ಮೆ ಸ್ಟೇಷನ್ ಮೆಟ್ಟಿಲು ಹತ್ತಿದನೆಂದರೆ ಚಿಕ್ಕಪ್ಪನಿಗೆ ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಮಂಡಿಯ ಬಾಗಿಲೂ ತೆರೆಯುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಚಿಕ್ಕಮ್ಮ ಮರುದಿನ ಬೆಳಿಗ್ಗೆ ಆ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದಳು. ಎಳೆಗಾಯಿಗಳ ಸಮೇತ ಅದು ಹಿತ್ತಿಲಲ್ಲಿ ಬಾಡುತ್ತಾ ಬಿದ್ದದ್ದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ನಾನು ಮ್ಯಾನೇಜರ್ ಹತ್ತಿರ ಹೋಗಿ, ಆ ಪುಡಿ ಕೊಟ್ಟವನು ನೀನೇ ಅಲ್ಲವೇ ಎಂದು ಕೇಳಿದೆ. "ಪುಡಿ ಕೊಟ್ಟಿದ್ದೆ, ಚೀಲ ಕೊಟ್ಟಿದ್ನಾ ಮೇಷ್ಟ್ರೇ?" ಎಂದ.

ಸಮಾರಂಭ ಎಂದರೆ ತುಲಾಭಾರ. ಶಾಲೆಯ ಕೋಣೆಗಳ ಉದ್ಘಾಟನೆಯ ದಿನವೇ ಸಾಹುಕಾರರಿಗೆ ತುಲಾಭಾರ ಮಾಡಬೇಕೆಂದು ನ್ಯಾಮತಿಯ ವರ್ತಕರು ತೀರ್ಮಾನಿಸಿದ್ದರು. ತಿಂಗಳ ಹಿಂದಷ್ಟೇ ಹೊನ್ನಾಳಿಯವರು ಅವರಿಗೆ ಬೆಲ್ಲದ ತುಲಾಭಾರ ಮಾಡಿದ್ದರು. ಪ್ರಾರ್ಥನೆ ಹಾಡಲು ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ನಾನೇ ಅಲ್ಲಿಗೆ ಹೋಗಿದ್ದೆ. ತೊಂಬತ್ತೆರಡು ಕಿಲೋ ಬೆಲ್ಲ ಎಂದು ಮೈಕಿನಲ್ಲಿ ಮೂರು ಸಲ ಕೂಗಿದ್ದರು. ಹೊನ್ನಾಳಿಗೆ ನ್ಯಾಮತಿ ಕಡಿಮೆಯಾಗಬಾರದಲ್ಲ! ಬೆಲ್ಲಕ್ಕೆ ಬೆಲ್ಲ ಇಟ್ಟರೆ ಏನು ಹೆಚ್ಚುಗಾರಿಕೆ? ಸಾಹುಕಾರರ ಗೊಬ್ಬರದಿಂದಲೇ ಅವರನ್ನು ತೂಗಿ, ಆ ಗೊಬ್ಬರವನ್ನು ಬಡ ರೈತರಿಗೆ ಹಂಚುವುದು ಎಂದು ವರ್ತಕರ ಸಂಘದ ಅಧ್ಯಕ್ಷರಿಗೆ ಹೊಳೆಯಿತು. ಎಲ್ಲರೂ ಭೇಷ್ ಎಂದರು. ದೊಡ್ಡವರನ್ನು ಯಾವುದರಿಂದಾದರೂ ತೂಗಬಹುದು, ಭಕ್ತಿ ಇದ್ದರೆ ಸಾಕು ಎಂದು ನಂಬಿದ ಊರಿಗಷ್ಟೇ ಇಂಥ ಎಡವಟ್ಟು ಮಾಡಲು ಸಾಧ್ಯ.

ಈ ಮಾತು ಹೇಳಲು ಅಧ್ಯಕ್ಷರು ಚನ್ನಗಿರಿಗೆ ಹೋದಾಗ ಹೆಡ್‌ಮಾಸ್ಟರ್ ಜೊತೆ ನಾನೂ ಇದ್ದೆ. ಸಾಹುಕಾರರು ಪಂಚೆಯ ಅಂಚಿನಿಂದ ಹಣೆ ಒರೆಸಿಕೊಂಡರು. "ಗೊಬ್ಬರ ಯಾಕ್ರಿ, ವಾಸನೆ. ಬೆಲ್ಲಾನೋ ಅಕ್ಕೀನೋ ಇಡ್ರಿ, ಬಡವ್ರು ತಿಂತಾರೆ" ಎಂದರು. "ಇಲ್ರೀ, ರೈತರ ಊರು, ಗೊಬ್ಬರಾನೇ ಆಗಬೇಕು" ಎಂದು ಅಧ್ಯಕ್ಷರು ಪಟ್ಟು ಹಿಡಿದರು. ಸಾಹುಕಾರರು ಮತ್ತೊಮ್ಮೆ ಬೇಡ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಧ್ಯಕ್ಷರು, "ಎಷ್ಟು ವಿನಯ ನೋಡ್ರಿ ಆ ಮನುಷ್ಯಂದು" ಎಂದು ಕೊಂಡಾಡಿದರು. ವಿನಯಕ್ಕೆ ಹಣೆ ಬೆವರುತ್ತದೆಯೇ ಎಂದು ನಾನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅಂದಿನಿಂದ ನನ್ನ ಅನುಮಾನ ಮನೆಯಲ್ಲಿ ಸೇರಿದ ಇಲಿಯ ಹಾಗೆ ಒಳಗೇ ಕೆರೆಯಲು ಶುರುಮಾಡಿತು.

ಡಿಪೋದಲ್ಲಿ ಇದ್ದದ್ದು ಒಂದೇ ಹಲಗೆಯ ತೂಕದ ಯಂತ್ರ. ತುಲಾಭಾರಕ್ಕೆ ಎರಡು ತಟ್ಟೆಯ ದೊಡ್ಡ ತಕ್ಕಡಿ ಬೇಕು. ಹೊನ್ನಾಳಿಯವರು ತರಿಸಿದ್ದ ತಕ್ಕಡಿಯನ್ನೇ, ಚನ್ನಗಿರಿಯ ಅಡಿಕೆ ಮಂಡಿಯಿಂದ ಲಾರಿಯಲ್ಲಿ ತರಿಸಿದೆವು. ಅದೇ ಲಾರಿಯಲ್ಲಿ ಕಾರ್ಖಾನೆಯಿಂದ ನೇರವಾಗಿ ಹೊಸ ಗೊಬ್ಬರದ ಚೀಲಗಳೂ ಬಂದವು. ತುಲಾಭಾರಕ್ಕೆ ಎರಡು, ಮಿಕ್ಕವು ಡಿಪೋಗೆ. ಚೀಲಗಳಿಗೆ ಸೇವಂತಿಗೆ ಹಾರ ಸುತ್ತಿ ಕುಂಕುಮ ಹಚ್ಚುವ ಕೆಲಸ ನನ್ನ ಪಾಲಿಗೆ ಬಿತ್ತು. ಹಾರ ಸುತ್ತುವ ನೆಪದಲ್ಲಿ ನಾನು ಎರಡೂ ಚೀಲಗಳನ್ನು ಉರುಳಿಸಿ ಉರುಳಿಸಿ ನೋಡಿದೆ. ಹೊಲಿಗೆ ಗಟ್ಟಿ, ಮುದ್ರೆ ಭದ್ರ, ಎಲ್ಲೂ ಒಂದು ತೂತಿಲ್ಲ. ಯಾವ ಹಮಾಲನ ಕೊಕ್ಕೆಯೂ ಅವನ್ನು ಕಂಡಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ರಟ್ಟಿನ ಮೇಲೆ 'ನೂರು ಕಿಲೋ' ಎಂದು ಬಣ್ಣದಲ್ಲಿ ಬರೆದು ಅವುಗಳ ಮುಂದೆ ನಿಲ್ಲಿಸಿದರು. ತೊಂಬತ್ತೆರಡಕ್ಕೆ ನೂರು ಧಾರಾಳ. ಚೀಲ ಇಡುವುದೇ ತಡ, ಸಾಹುಕಾರರು ತಟ್ಟೆಯ ಸಮೇತ ಮೇಲೇಳುತ್ತಾರೆ, ಆಗ ಹುಡುಗಿಯರು ಹೂ ಎರಚಬೇಕು ಎಂದು ಹೇಳಿಕೊಟ್ಟಿದ್ದೆವು.

ಶಾಲೆಯ ಮೈದಾನ ಕಿಕ್ಕಿರಿದಿತ್ತು. ಚಿಕ್ಕಪ್ಪನೂ ಬಂದಿದ್ದ. ಒಗೆದ ಅಂಗಿ ಹಾಕಿಕೊಂಡು ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ಸಾಹುಕಾರರು ದಿಂಬು ಹಾಕಿದ ತಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮಂಗಳವಾದ್ಯ ಶುರುವಾಯಿತು. ಒಂದು ಚೀಲ ಇಟ್ಟರು. ಎರಡನೆಯದನ್ನೂ ಇಟ್ಟರು. ತಕ್ಕಡಿ ಕಿರುಗುಟ್ಟಿತು, ಸ್ವಲ್ಪ ಅಲುಗಿತು. ಸಾಹುಕಾರರು ನೆಲ ಬಿಡಲಿಲ್ಲ. ನೂರು ಕಿಲೋ ಎಂದು ಬರೆದ ರಟ್ಟಿನ ಮೇಲುಗಡೆ ಎರಡು ಗೊಬ್ಬರದ ಚೀಲಗಳು ಗಾಳಿಯಲ್ಲಿ ತೂಗಾಡುತ್ತಿದ್ದವು.

ಹೂ ಹಿಡಿದ ಹುಡುಗಿಯರು ನನ್ನ ಮುಖ ನೋಡಿದರು. ವಾದ್ಯದವರು ಒಂದು ಕ್ಷಣ ತಡೆದು ಮತ್ತೆ ಜೋರಾಗಿ ಊದಿದರು. ಮೈಕಿನ ಮುಂದಿದ್ದವನು ಚುರುಕಿನ ಆಸಾಮಿ. "ನೂರು ಕಿಲೋಗೂ ಮಿಗಿಲಾದ ನಮ್ಮ ದಾನಿಗಳು! ನ್ಯಾಮತಿಯ ಊಟ ಅವರ ಮೈಗೆ ಹತ್ತಿದೆ!" ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. "ಇನ್ನೊಂದು ಚೀಲ ತರ್ರೀ!" ಎಂದು ಯಾರೋ ಕೂಗಿದರು. ಲಾರಿ ನಿಂತಿದ್ದದ್ದು ಬೇವಿನ ಮರದ ಪಕ್ಕದಲ್ಲೇ. ಚಿಕ್ಕಪ್ಪನಿಗೆ ಏನನ್ನಿಸಿತೋ, ಅಷ್ಟು ವರ್ಷದ ಅಭ್ಯಾಸ, ಕರೆದದ್ದೇ ತಡ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಚೀಲಕ್ಕೆ ಬೆನ್ನು ಕೊಡಲು ಓಡಿದ.

"ಏಯ್! ನೀ ಮುಟ್ಟಬ್ಯಾಡ!" ಎಂದು ಮ್ಯಾನೇಜರ್ ವೇದಿಕೆಯಿಂದಲೇ ಕಿರುಚಿದ. ಮೈಕು ಹತ್ತಿರದಲ್ಲೇ ಇದ್ದುದರಿಂದ ಅದು ಇಡೀ ನ್ಯಾಮತಿಗೆ ಕೇಳಿಸಿತು. ಚಿಕ್ಕಪ್ಪ ಬೆನ್ನು ಬಗ್ಗಿಸಿದವನು ಹಾಗೆಯೇ ಹಿಂದೆ ಸರಿದ. ಬೇರೊಬ್ಬ ಹಮಾಲ ಚೀಲ ತಂದಿಟ್ಟ. ಮೂರನೇ ಚೀಲ ಬಿದ್ದ ಮೇಲೆ ಸಾಹುಕಾರರು ಮೇಲೆದ್ದರು. ಹೂ ಬಿತ್ತು. ಅವರ ಮುಖ ನೋಡಬೇಕಿತ್ತು, ಜ್ವರ ಬಂದವರ ಹಾಗಿತ್ತು.

ವಂದನಾರ್ಪಣೆ ನನ್ನದು. ಬರೆದುಕೊಂಡು ಹೋಗಿದ್ದನ್ನು ನಾನು ಓದಲಿಲ್ಲ. ಬಳ್ಳಿ ಕಿತ್ತ ದಿನದ ಉರಿ, ಆ 'ಮುಟ್ಟಬ್ಯಾಡ' ಎಂಬ ಕಿರುಚಾಟ, ಎರಡೂ ಸೇರಿ ಬಾಯಿಗೆ ಬಂದಿತ್ತು. "ಹೊನ್ನಾಳಿಯಲ್ಲಿ ಇದೇ ತಕ್ಕಡಿಯಲ್ಲಿ ಸಾಹುಕಾರರು ತೊಂಬತ್ತೆರಡು ಕಿಲೋ ಇದ್ದರು. ಒಂದೇ ತಿಂಗಳಲ್ಲಿ ನೂರು ದಾಟಿದ್ದಾರೆ. ಅವರ ಆರೋಗ್ಯದ ಬಗ್ಗೆ ನಮಗೆಲ್ಲ ಕಾಳಜಿಯಿದೆ. ಮುದ್ರೆ ಒಡೆಯದ ಈ ಚೀಲಗಳನ್ನು ಇದೇ ತಕ್ಕಡಿಯಲ್ಲಿ, ಮಂಡಿಯ ತೂಕದ ಕಲ್ಲಿಟ್ಟು, ಎಲ್ಲರ ಎದುರಿಗೆ ತೂಗಿಬಿಟ್ಟರೆ ದಪ್ಪ ಆದದ್ದು ಸಾಹುಕಾರರೋ, ತೆಳ್ಳಗಾದದ್ದು ಚೀಲಗಳೋ ಗೊತ್ತಾಗುತ್ತದೆ. ಇವನ್ನು ನಮ್ಮ ಚಿಕ್ಕಪ್ಪನಂತೂ ಮುಟ್ಟಿಲ್ಲ, ನೀವೇ ನೋಡಿದಿರಿ" ಎಂದೆ.

ಮೊದಲು ಒಂದಷ್ಟು ಜನ ನಕ್ಕರು. ಆಮೇಲೆ ನಗು ನಿಂತಿತು. ಸವಳಂಗ ರಸ್ತೆಯ ಆ ರೈತ ಎದ್ದು ನಿಂತದ್ದು ಕಂಡಿತು. ಇನ್ನೊಂದು ನಿಮಿಷ ಹಾಗೇ ಇದ್ದಿದ್ದರೆ ಯಾರಾದರೂ ತಕ್ಕಡಿಯ ಹತ್ತಿರ ಬರುತ್ತಿದ್ದರು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಸಾಹುಕಾರರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಮೈಕನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು.

"ಮೇಷ್ಟ್ರು ತಮ್ಮ ಚಿಕ್ಕಪ್ಪನ ಸಲುವಾಗಿ ಮಾತಾಡ್ಯಾರೆ. ನಂಗೆ ಸಿಟ್ಟಿಲ್ಲ. ಸ್ವಂತದವ್ರಿಗೆ ಕಷ್ಟ ಬಂದ್ರೆ ಯಾರಿಗಾದ್ರೂ ಕರುಳು ಚುರ್ ಅನ್ನಲ್ವಾ?" ಎಂದರು. ದನಿ ಏರಲಿಲ್ಲ. "ಇಂಥ ದಿನ ಒಬ್ಬ ಬಡವನ ಕಣ್ಣಾಗೆ ನೀರು ತರ್ಸಿ ನಾನು ಮನೀಗೆ ಹೋಗಲ್ಲ. ಎಲ್ಲಪ್ಪಾ ಅವನು? ಕರೀರಿ." ಚಿಕ್ಕಪ್ಪನನ್ನು ಜನರೇ ಹಾದಿ ಬಿಟ್ಟು ವೇದಿಕೆಗೆ ಹತ್ತಿಸಿದರು. ಸಾಹುಕಾರರು ತಮ್ಮ ಕೊರಳಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದರು. "ಆಗಿದ್ದು ಆಯ್ತು. ನಾನು ಕ್ಷಮಿಸೀನಿ. ಸ್ಟೇಷನ್ ಗೀಷನ್ ಏನೂ ಬ್ಯಾಡ. ನಾಳೆಯಿಂದ ಕೆಲಸಕ್ಕೆ ಬಾ." ಚಿಕ್ಕಪ್ಪ ಅವರ ಕಾಲಿನ ಮೇಲೆ ಬಿದ್ದ. ಮೈದಾನದಲ್ಲಿ ಎದ್ದ ಆ ಚಪ್ಪಾಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ನಿಂತಿದ್ದ ರೈತನೂ ಚಪ್ಪಾಳೆ ತಟ್ಟಿದ. ಆ ಗದ್ದಲದಲ್ಲಿ ಮೂರೂ ಚೀಲಗಳು ಲಾರಿ ಹತ್ತಿದವು. ಬಡವರಿಗೆ ಹಂಚಿದ್ದು ಬೇರೆ ಚೀಲಗಳನ್ನು ಎಂದು ನನಗೆ ಬಲವಾದ ಗುಮಾನಿ.

ಅಂಥ ಕ್ಷಮೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಸ್ಟೇಷನ್ನಿಗೆ ಹೋಗಿದ್ದರೆ ಯಾರೋ ಒಬ್ಬರು ಪುರಾವೆ ಕೇಳುತ್ತಿದ್ದರು. ಕ್ಷಮೆಗೆ ಪುರಾವೆ ಬೇಕಾಗಲಿಲ್ಲ. ಸಾಹುಕಾರರೇ ಕ್ಷಮಿಸಿದ್ದಾರೆ ಎಂದ ಮೇಲೆ ಇವನು ಕದ್ದಿರಲೇಬೇಕಲ್ಲ! ಜೊತೆಯ ಹಮಾಲರು ಅವನೊಬ್ಬನನ್ನೇ ಗೋದಾಮಿನಲ್ಲಿ ಬಿಡುತ್ತಿರಲಿಲ್ಲ. ಮಗಳ ಸಂಬಂಧಕ್ಕೆ ಚನ್ನಗಿರಿಯಿಂದ ಬಂದವರು, "ಗೊಬ್ಬರದ ವಿಷಯದಾಗೆ ಕ್ಷಮಿಸಿದ್ರಂತಲ್ಲ, ಅವ್ರು ನೀವೇನಾ?" ಎಂದು ಕೇಳಿ, ಕಾಫಿ ಕುಡಿದು, ಮತ್ತೆ ಈ ಕಡೆ ಬರಲಿಲ್ಲ. ಚೀಲದ ತೂಕದ ಬಗ್ಗೆ ಆಮೇಲೆ ಯಾರೋ ಕೇಳಿದಾಗ ಮ್ಯಾನೇಜರ್, "ತೇವ ಆರಿದ್ರೆ ತೂಕ ಇಳೀತೈತೆ ಕಣ್ರಿ" ಎಂದನಂತೆ. ಹಮಾಲನ ಕೈಯಲ್ಲಿ ಕಡಿಮೆಯಾದರೆ ಕಳವು, ಕಾರ್ಖಾನೆಯಲ್ಲಿ ಕಡಿಮೆಯಾದರೆ ತೇವ. ಪಕ್ಕದವರ ಪೆನ್ಸಿಲ್ ಕದ್ದ ಹುಡುಗರಿಗೆ ಛಡಿ ಏಟು ಕೊಡುತ್ತಾ, ಸಾಹುಕಾರರ ಹೆಸರಿನ ಕಲ್ಲು ಕೂರಿಸಿದ ಕೋಣೆಯಲ್ಲಿ ನಾನು ಇನ್ನೂ ಐದಾರು ವರ್ಷ ಪಾಠ ಮಾಡಿದೆ. ನನ್ನನ್ನು ಮತ್ತೆ ಯಾರೂ ವಂದನಾರ್ಪಣೆಗೆ ಕರೆಯಲಿಲ್ಲ.

ಚಿಕ್ಕಪ್ಪನಿಗೆ ನಾನು ಎಷ್ಟು ಸಲ ಬಿಡಿಸಿ ಹೇಳಿದೆನೋ. ಒಂದು ಭಾನುವಾರ ಅವನು ನಮ್ಮ ಮನೆಗೆ ಊಟಕ್ಕೆ ಬಂದಾಗಲೂ ಹೇಳಿದೆ: ಎರಡು ಚೀಲಕ್ಕೆ ಅವರು ಏಳಲಿಲ್ಲ, ಮುದ್ರೆ ಒಡೆದಿರಲಿಲ್ಲ, ಕಾರ್ಖಾನೆಯಲ್ಲೇ ಕಡಿಮೆ ತುಂಬಿದ್ದರು, ನೀನು ಏನೂ ಮಾಡಿಲ್ಲ. ಅವನು ತಾಳ್ಮೆಯಿಂದ ಕೇಳಿದ.

"ನೀನು ಓದಿದೋನು, ನೀ ಹೇಳೋದು ನಿಜ ಇರಬೌದು. ಆದ್ರೆ ಅಷ್ಟು ದೊಡ್ಡೋರು, ಅಷ್ಟು ಜನದ ಮುಂದೆ, ಕೊರಳಿಗೆ ಹಾರ ಹಾಕಿ ಕ್ಷಮಿಸ್ಯಾರೆ ಅಂದ್ಮ್ಯಾಲೆ, ನಾನು ಏನೋ ಒಂದು ಮಾಡಿರಬೇಕಲ್ಲೋ ಮಗಾ? ಆ ಡಬ್ಬಿ ಪುಡಿ ತಂದಿದ್ದಂತೂ ನಿಜ."

"ಅದು ರೂಢಿ ಚಿಕ್ಕಪ್ಪ! ಎಲ್ಲಾರೂ ತರ್ತಿದ್ರು!"

"ತರ್ತಿದ್ರು. ಅವ್ರ್ಯಾರನ್ನೂ ಕ್ಷಮಿಸಿಲ್ಲವಲ್ಲ" ಎಂದು ಅವನು ಕೈ ತೊಳೆಯಲು ಎದ್ದ.

ನನಗೆ ರೇಗಿತು. ಅವನ ಮೇಲೆ ರೇಗಬಾರದು ಎಂದು ಗೊತ್ತಿದ್ದೂ ರೇಗಿತು. ನನ್ನ ಹೆಂಡತಿ ಎಲೆ ಅಡಿಕೆ ಕೊಟ್ಟಳು. ಅವನು ಹೊರಟ. ಬಾಗಿಲ ಹತ್ತಿರ ಬಂದವನು ನಿಂತ. ಹೆಗಲ ಮೇಲಿನ ಟವೆಲ್ ತೆಗೆದು ಎರಡು ಸಲ ಕೊಡವಿದ. ತಿರುವಿ ಈ ಮಗ್ಗುಲು, ಆ ಮಗ್ಗುಲು ತೋರಿಸಿದ. ಆಮೇಲೆ ತಲೆ ತಗ್ಗಿಸಿಕೊಂಡು ಸುಮ್ಮನೆ ನಿಂತ.

"ಇದೇನ್ರಿ ಮಾವ, ನಮ್ಮನ್ಯಾಗೂ ಹಿಂಗೆ ಮಾಡ್ತೀರಿ?" ಎಂದಳು ಹೆಂಡತಿ.

"ರೂಢಿ ಆಗೈತೆ ಕಣವ್ವ" ಎಂದು ನಾಚಿಕೆಯಿಂದ ನಕ್ಕ. ನಕ್ಕನೇ ಹೊರತು ಕದಲಲಿಲ್ಲ. ಏನನ್ನು ಕಾಯುತ್ತಿದ್ದಾನೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೋಗು ಚಿಕ್ಕಪ್ಪ ಎಂದೆ, ಹೋಗಲಿಲ್ಲ. ಕತ್ತಲಾಗುತ್ತೆ ಎಂದೆ, ತಲೆ ಎತ್ತಲಿಲ್ಲ. ಕೊನೆಗೆ ನಾನು 'ಹೂಂ' ಎಂದೆ. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ಬದುಕಿರುವವರೆಗೂ ಅವನು ನಮ್ಮ ಮನೆಗೆ ಬಂದಾಗಲೆಲ್ಲ ನಾನು ಹಾಗೆ 'ಹೂಂ' ಎನ್ನುತ್ತಲೇ ಇದ್ದೆ.